ಇಸಬಗೋಲು ಅರಿಜೋನಾಕ್ಕೆ, ಕಾಂಕ್ರೀಟು ನಮ್ಮ ಹೊಂಗೆಯ ಬುಡಕ್ಕೆ

ಉದ್ಯಾನವನದ ದಾರಿಗೆ ಅಂದಾಜು ಪಟ್ಟಿ ಬರೆಯುವ ಇಂಜಿನಿಯರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಯಾವುದೋ ಬಡಾವಣೆಯ ಪಾರ್ಕಿನ ‘ನಡಿಗೆ ಪಥ ಅಭಿವೃದ್ಧಿ’ ಕಡತ ಮೇಜಿಗೆ ಬಂದಾಗ ಅಂದಾಜು ಪಟ್ಟಿ ಬರೆಯಲು ಕೂರುವವರು ನೀವು. ಬೆಂಗಳೂರಿನಲ್ಲಿರಬಹುದು, ತುಮಕೂರಿನಲ್ಲಿರಬಹುದು, ದಾವಣಗೆರೆಯಲ್ಲಿರಬಹುದು. ಪಟ್ಟಿಯ ಮೊದಲ ಸಾಲು ಸಾಮಾನ್ಯವಾಗಿ ಎಲ್ಲ ಕಡೆಯೂ ಒಂದೇ: ಹಾಲಿ ಇರುವ ಮಣ್ಣಿನ ದಾರಿಯನ್ನು ಅಗೆದು ಹೊರಸಾಗಿಸುವುದು. ಆಮೇಲೆ ಕಾಂಕ್ರೀಟಿನ ಬೆಡ್ಡು, ಅದರ ಮೇಲೆ ಇಂಟರ್‌ಲಾಕ್ ಟೈಲ್ಸು, ಎರಡೂ ಬದಿಗೆ ಕರ್ಬ್ ಕಲ್ಲು. ಆ ಮೊದಲ ಸಾಲು ಬರೆಯುವ ಮುಂಚೆ ಈ ಪತ್ರವನ್ನೊಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ. ಲಾರಿಗೆ ತುಂಬಿಸಿ ಹೊರಗೆ ಹಾಕಿಸುವ ಆ ಮಣ್ಣೇ ದಾರಿಗೆ ಬೇಕಾದ ಮುಖ್ಯ ಸಾಮಾನು.

ಆ ಮಣ್ಣನ್ನು ಹಿಡಿದಿಡುವ ಅಂಟೊಂದರ ಕಥೆ ದೂರದಿಂದ ಶುರುವಾಗುತ್ತದೆ. ಗುಜರಾತಿನ ಮೆಹ್ಸಾಣಾ, ಬನಾಸಕಾಂಠಾ ಜಿಲ್ಲೆಗಳಲ್ಲಿ, ರಾಜಸ್ಥಾನದ ಕೆಲವು ಕಡೆ, ದೀಪಾವಳಿಯ ಆಸುಪಾಸಿನಲ್ಲಿ ಇಸಬಗೋಲು ಬಿತ್ತುತ್ತಾರೆ. ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲು. ಊಂಝಾದ ಮಾರುಕಟ್ಟೆಗೆ ಬಂದ ಬೀಜವನ್ನು ಗಿರಣಿಗೆ ಹಾಕಿ ಮೇಲಿನ ತೆಳು ಹೊಟ್ಟನ್ನು ಬಿಡಿಸುತ್ತಾರೆ. ನೂರು ಕಿಲೋ ಬೀಜಕ್ಕೆ ಇಪ್ಪತ್ತೈದು ಕಿಲೋದಷ್ಟು ಹೊಟ್ಟು ಸಿಗುತ್ತದೆ. ಮನೆಯ ಹಿರಿಯರು ರಾತ್ರಿ ಬೆಚ್ಚನೆಯ ನೀರಿಗೆ ಕಲಸಿ ಕುಡಿಯುವುದು ಇದನ್ನೇ. ಜಗತ್ತಿನ ಇಸಬಗೋಲಿನ ಬಹುಪಾಲು ಬೆಳೆಯುವ ದೇಶ ನಮ್ಮದು. ದೊಡ್ಡ ಗಿರಾಕಿ ಅಮೆರಿಕ. ಆದರೆ ಅಮೆರಿಕದಲ್ಲಿ ಇಸಬಗೋಲು ಔಷಧಿಯ ಡಬ್ಬಿಗೆ ಮಾತ್ರ ಸೇರುವುದಿಲ್ಲ. ಅರಿಜೋನಾ, ಕ್ಯಾಲಿಫೋರ್ನಿಯಾದ ಉದ್ಯಾನಗಳಲ್ಲಿ ಈ ಹೊಟ್ಟಿನ ಪುಡಿಯನ್ನು ಕಲ್ಲಿನ ನುರುಜಿಗೆ ಬೆರೆಸಿ, ನೀರು ಹಿಡಿಸಿ, ರೋಲರ್ ಎಳೆದು ನಡೆಯುವ ದಾರಿ ಮಾಡುತ್ತಾರೆ. ಬೇಸ್‌ಬಾಲ್ ಮೈದಾನದ ಮಣ್ಣಿಗೂ ಬೆರೆಸುವುದುಂಟು.

ಆ ದಾರಿಗೆ ಅವರು ಕೊಳ್ಳುವ ಇನ್ನೊಂದು ಸಾಮಾನು ಶಿಥಿಲವಾದ ಗ್ರಾನೈಟು. ಬಂಡೆ ಬಿಸಿಲು ಮಳೆಗೆ ಸಡಿಲಗೊಂಡು ಹರಳು ಹರಳಾಗಿ ಉದುರಿದ್ದು. ನಮ್ಮ ಬಯಲುಸೀಮೆಯ ನೆಲದಡಿ ಇರುವುದೂ ಅದರ ಒಡಹುಟ್ಟಿದ್ದೇ. ಲಾಲ್‌ಬಾಗಿನ ಗುಡ್ಡದಲ್ಲಿ ಮೇಲೆದ್ದು ಕಾಣುವ, 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ನೈಸ್ ಬಂಡೆಯ ಜಾತಿಯೇ ಊರಿನ ಕೆಳಗೆಲ್ಲ ಹಬ್ಬಿದೆ. ಅದು ಶಿಥಿಲವಾದ ಕಡೆ ನಮಗೆ ಮೊರಂ ಸಿಗುತ್ತದೆ. ಉತ್ತರ ಕರ್ನಾಟಕದವರು ಗರಸು ಅನ್ನುತ್ತಾರೆ. ಅಪಾರ್ಟ್‌ಮೆಂಟಿನ ಪಾಯ ತೋಡುವಾಗ ಅದು ಲಾರಿಗಟ್ಟಲೆ ಮೇಲೆ ಬರುತ್ತದೆ, ಊರಾಚೆಯ ಹಳ್ಳಕ್ಕೋ ಕೆರೆಯಂಚಿಗೋ ಹೋಗಿ ಬೀಳುತ್ತದೆ. ಅಂಟೂ ನಮ್ಮದು, ಕಲ್ಲುಮಣ್ಣೂ ನಮ್ಮದು. ಎರಡನ್ನೂ ಕೂಡಿಸಿದ ದಾರಿ ಮಾತ್ರ ಏಳು ಸಮುದ್ರದಾಚೆ. ನಮ್ಮ ಪಾರ್ಕಿಗೆ ಬರುವುದು ಸಿಮೆಂಟು. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಕಾಂಕ್ರೀಟು ಬಂದ ಪಾರ್ಕನ್ನು ಹತ್ತಿರದಿಂದ ನೋಡೋಣ. ಹೊಂಗೆ ಮರದ ಬುಡ. ಕಾಂಡಕ್ಕೆ ತಾಗುವಂತೆ ಬೆಡ್ಡು ಹಾಕಿದ್ದಾರೆ. ಮರದ ಸುತ್ತ ಅಂಗೈ ಅಗಲದ ಮಣ್ಣೂ ಇಲ್ಲ. ಮರಕ್ಕೆ ನೀರು, ಗಾಳಿ ಎಳೆದುಕೊಡುವ ಸಣ್ಣ ಬೇರುಗಳ ಬಹುಪಾಲು ನೆಲದ ಮೇಲಿನ ಎರಡಡಿಯಲ್ಲೇ ಇರುತ್ತದೆ, ಕೊಂಬೆಯ ನೆರಳನ್ನೂ ದಾಟಿ ಹರಡಿರುತ್ತದೆ. ದಾರಿಗಾಗಿ ಒಂದಡಿ ಅಗೆದರೆ ಮೊದಲು ತುಂಡಾಗುವುದು ಅವೇ. ಉಳಿದ ಬೇರು ಬೆಡ್ಡಿನಡಿಯ ತೇವ ಹುಡುಕಿಕೊಂಡು ಹೋಗಿ ದಪ್ಪವಾಗುತ್ತದೆ, ಕೆಲವು ವರ್ಷದಲ್ಲಿ ಟೈಲ್ಸನ್ನು ಎತ್ತುತ್ತದೆ. ಎದ್ದ ಅಂಚು ಒಂದು ಬೆರಳು ಎತ್ತರವಿದ್ದರೂ ಸಾಕು, ಬೆಳಗಿನ ಮಬ್ಬಿನಲ್ಲಿ ನಡೆಯುವ ಅಜ್ಜಿಗೆ ಎಡವಲು. ವಯಸ್ಸಾದವರ ಅನುಕೂಲಕ್ಕೆಂದು ಮಣ್ಣು ತೆಗೆದು ಹಾಕಿದ ಹಾಸು ವಯಸ್ಸಾದವರನ್ನೇ ಬೀಳಿಸುತ್ತದೆ. ಆಗ ಮರಕ್ಕೆ ಕೊಡಲಿ ಹಾಕಬೇಕೆಂಬ ಅರ್ಜಿ ಬರುತ್ತದೆ. ದೆಹಲಿಯಲ್ಲಿ ಇಂಥ ಮರಗಳ ಸುತ್ತ ಒಂದು ಮೀಟರ್ ಅಂತರದೊಳಗಿನ ಕಾಂಕ್ರೀಟು ಕಿತ್ತು ಹಾಕಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಮಾಡಿತು. ಹಾಕಿದ್ದನ್ನು ಕೀಳಲು ಮತ್ತೆ ದುಡ್ಡು, ಮತ್ತೆ ಟೆಂಡರು.

ಮಳೆ ಬಂದ ದಿನ ಇನ್ನೊಂದು ನೋಟ. ಕರ್ಬ್ ಕಲ್ಲು ದಾರಿಗಿಂತ ಎತ್ತರ. ದಾರಿಯ ಮೇಲೆ ಬಿದ್ದ ನೀರು ಪಕ್ಕದ ಹೂವಿನ ಮಡಿಗೆ ಇಳಿಯಲಾಗದೆ ದಾರಿಯುದ್ದಕ್ಕೂ ಹರಿದು ಗೇಟಿನ ಬಳಿ ಚರಂಡಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಅದೇ ಮಡಿಗೆ ಬೋರ್‌ವೆಲ್ ನೀರು ಬಿಡುತ್ತಾರೆ.

ಹಾಗೆಂದು ಬರಿ ಮಣ್ಣಿನ ದಾರಿಯ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಚೈತ್ರ ವೈಶಾಖದಲ್ಲಿ ದೂಳು, ಆಶ್ವಯುಜದಲ್ಲಿ ಕೆಸರು. ಇಳಿಜಾರಿನಲ್ಲಿ ನೀರು ಕೊರೆದ ಕೊರಕಲು. ಮೊಣಕಾಲು ನೋವಿನವರು, ಊರುಗೋಲು ಹಿಡಿದವರು, ಮಗುವಿನ ಗಾಡಿ ತಳ್ಳುವ ತಾಯಂದಿರು ದೂರು ಕೊಡುವುದು ನ್ಯಾಯವೇ. ಅವರ ದೂರಿಗೆ ಉತ್ತರ ಕೊಡಲೇಬೇಕು. ಕಾಂಕ್ರೀಟಿಗೂ ಕೆಸರಿಗೂ ನಡುವೆ ಮೂರನೆಯ ದಾರಿಯೊಂದಿದೆ. ಅದರ ವಿದ್ಯೆ ನಿಮಗೂ ಗೊತ್ತು, ನಮ್ಮ ರೈತರಿಗೂ ಗೊತ್ತು.

ನಿಮಗೆ ಗೊತ್ತಿರುವುದು ಡಬ್ಲ್ಯುಬಿಎಂ, ಅಂದರೆ ವಾಟರ್ ಬೌಂಡ್ ಮೆಕಾಡಮ್. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ 1816ರಲ್ಲಿ ಬ್ರಿಸ್ಟಲ್ ಊರಿನ ರಸ್ತೆಗಳ ಮೇಲ್ವಿಚಾರಕನಾದ ಮೇಲೆ ಮಾಡಿ ತೋರಿಸಿದ್ದು ಇಷ್ಟೇ: ಮೂಲೆಮೂಲೆಯಿರುವ ಸಣ್ಣ ಜಲ್ಲಿಯನ್ನು ಒತ್ತೊತ್ತಾಗಿ ಹಾಸಿದರೆ ಕಲ್ಲು ಕಲ್ಲಿಗೆ ಕಚ್ಚಿಕೊಳ್ಳುತ್ತದೆ, ನೆಲದಡಿ ನೀರು ನಿಲ್ಲದಂತೆ ನೋಡಿಕೊಂಡರೆ ರಸ್ತೆ ನಿಲ್ಲುತ್ತದೆ. ಅವನ ಹೆಸರನ್ನೇ ಹೊತ್ತ, ನೀರು ಹಾಕಿ ರೋಲರ್ ಓಡಿಸಿ ಸಂದಿಗೆ ಮೊರಂ ತುಂಬುವ ಆ ಕೆಲಸ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ತಲೆಮಾರುಗಳಿಂದ ಇದೆ. ಪಾರ್ಕಿನ ದಾರಿ ಅದರ ಚಿಕ್ಕ ರೂಪ. ಲಾರಿ ಓಡುವುದಿಲ್ಲ, ಚಪ್ಪಲಿ ಓಡಾಡುತ್ತದೆ, ಅದಕ್ಕೆ ಜಲ್ಲಿ ಇನ್ನೂ ಸಣ್ಣದು. ಹತ್ತು ಮಿಲಿಮೀಟರಿನ ಹರಳಿನಿಂದ ಹಿಡಿದು ಹಿಟ್ಟಿನಂಥ ದೂಳಿನವರೆಗೆ ಎಲ್ಲ ಗಾತ್ರವೂ ಇರಬೇಕು. ದೊಡ್ಡದರ ಸಂದಿಗೆ ಸಣ್ಣದು, ಸಣ್ಣದರ ಸಂದಿಗೆ ಪುಡಿ. ಒಂದೇ ಗಾತ್ರದ ಜಲ್ಲಿ ಹಾಕಿದರೆ ಎಷ್ಟು ರೋಲರ್ ಓಡಿಸಿದರೂ ಕಾಲಡಿ ಜಾರುತ್ತಲೇ ಇರುತ್ತದೆ. ಇಂಗ್ಲೆಂಡಿನ ಉದ್ಯಾನಗಳಲ್ಲಿ ಜೇಡಿ, ಮರಳು, ಜಲ್ಲಿ ಒಟ್ಟಿಗೇ ಸಿಗುವ ಗಣಿಮಣ್ಣನ್ನು ಹೀಗೇ ಹಾಸುತ್ತಾರೆ. ಪ್ಯಾರಿಸ್ಸಿನ ತ್ವಿಲರೀ, ಲಕ್ಸಂಬರ್ಗ್ ಉದ್ಯಾನಗಳಲ್ಲಿ ಜನ ಇಂದಿಗೂ ನಡೆಯುವುದು ಗಟ್ಟಿಸಿದ ಮರಳು, ಕಲ್ಲುಪುಡಿಯ ನೆಲದ ಮೇಲೆ. ಜಗತ್ತಿನ ಪ್ರಸಿದ್ಧ ಉದ್ಯಾನಗಳು ಮಣ್ಣಿನ ದಾರಿಯನ್ನು ಬಡತನದ ಗುರುತೆಂದು ಎಣಿಸಿಲ್ಲ.

ರೈತರಿಗೆ ಗೊತ್ತಿರುವುದು ಕಣ. ರಾಗಿ ಕೊಯ್ಲಾದ ಮೇಲೆ ಹೊಲದ ಒಂದು ಮೂಲೆಯಲ್ಲಿ ಹುಲ್ಲು ಕೆತ್ತಿ, ನೆಲ ಸಡಿಲಿಸಿ, ನೀರು ಹಾಕಿ ಒಂದು ರಾತ್ರಿ ನೆನೆಯಲು ಬಿಡುತ್ತಾರೆ. ಮರುದಿನ ದನ ಸುತ್ತಿಸಿ ತುಳಿಸುತ್ತಾರೆ. ಆರುತ್ತ ಬಂದ ಹದದಲ್ಲಿ ಸಮ ಮಾಡಿ, ಗುಂಡು ಉರುಳಿಸಿ, ಸಗಣಿ ಬಗ್ಗಡದಿಂದ ಸಾರಿಸುತ್ತಾರೆ. ಬಿರುಕು ಬಿಟ್ಟ ಕಡೆ ಮತ್ತೊಮ್ಮೆ ಸಾರಿಸುತ್ತಾರೆ. ತೆನೆ ಬಡಿದು ಕಾಳು ಗುಡಿಸಿದರೆ ಒಂದು ಕಾಳಿಗೂ ಮಣ್ಣು ಹತ್ತಬಾರದು, ಅಷ್ಟು ಗಟ್ಟಿ ನೆಲ. ಹದವಾದ ತೇವ, ತುಳಿತ, ಒಂದಿಷ್ಟು ಅಂಟು, ವರ್ಷಕ್ಕೊಮ್ಮೆ ರಿಪೇರಿ: ನೆಲ ಗಟ್ಟಿ ಮಾಡುವ ಶಾಸ್ತ್ರವೆಲ್ಲ ಅದರೊಳಗಿದೆ. ಈಗ ಕಣ ಮಾಡುವವರು ಕಡಿಮೆಯಾಗಿದ್ದಾರೆ, ರಾಗಿ ಹುರುಳಿಯನ್ನು ಟಾರು ರಸ್ತೆಗೆ ಹಾಸಿ ವಾಹನಗಳ ಚಕ್ರಕ್ಕೆ ಒಡ್ಡುತ್ತಾರೆ. ಆದರೆ ಕಣ ಮಾಡಿ ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ. ನಮ್ಮ ಪಾರ್ಕುಗಳ ಎಷ್ಟೋ ಮಾಲಿಗಳು ಅಂಥ ಮನೆಗಳಿಂದ ಬಂದವರು. ಅವರನ್ನು ಒಮ್ಮೆ ಮಾತಾಡಿಸಿ.

ಕಾಲೇಜಿನ ವಿದ್ಯೆಯೂ ನಮ್ಮೂರಿನದೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡಿ, ಸುಡದೆಯೇ ಮನೆ ಕಟ್ಟಬಹುದೆಂದು ತೋರಿಸಿದರು. ಅಂಥ ಮನೆಗಳಲ್ಲಿ ಜನ ಇಂದಿಗೂ ವಾಸವಾಗಿದ್ದಾರೆ. ಗೋಡೆಗೆ ಆದದ್ದು ಕಾಲುದಾರಿಗೆ ಆಗುವುದಿಲ್ಲ ಎನ್ನಲು ನನಗೆ ಕಾರಣ ಕಾಣುವುದಿಲ್ಲ. ಅವರು ಕಲಿಸಿದ ಮೊದಲ ಪಾಠ ಚೀಲದಲ್ಲಿ ಸಿಗುವ ಅಂಟಿನದ್ದಲ್ಲ, ಮಣ್ಣಿನದ್ದು. ನಿಮ್ಮ ಪಾರ್ಕಿನ ಮಣ್ಣು ಯಾವುದು ಎಂದು ತಿಳಿಯದೆ ಯಾವ ಪುಡಿ ತಂದರೂ ವ್ಯರ್ಥ.

ಅದನ್ನು ತಿಳಿಯಲು ಲ್ಯಾಬೇ ಬೇಕೆಂದಿಲ್ಲ. ನೇರ ಮೈಯ ಗಾಜಿನ ಬಾಟಲಿಯೊಂದನ್ನು ತೆಗೆದುಕೊಳ್ಳಿ. ಮೇಲಿನ ಕಸಕಡ್ಡಿ ಸರಿಸಿ, ಒಂದು ಗೇಣು ಕೆಳಗಿನ ಮಣ್ಣನ್ನು ಬಾಟಲಿಯ ಮೂರನೇ ಒಂದು ಭಾಗ ತುಂಬಿ. ನೀರು ಹಾಕಿ, ಒಂದು ಚಿಟಿಕೆ ಉಪ್ಪು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಕಿಟಕಿಯ ಮೇಲಿಡಿ. ನೋಡುತ್ತಿದ್ದಂತೆಯೇ ಹರಳು, ಮರಳು ತಳಕ್ಕೆ ಕೂರುತ್ತದೆ. ಅದರ ಮೇಲೆ ನಿಧಾನವಾಗಿ ಮೃದುವಾದ ಗೋಡುಮಣ್ಣಿನ ಪದರ. ಜೇಡಿ ಮಾತ್ರ ನೀರನ್ನು ಕೆಂಪಾಗಿಸಿಕೊಂಡು ತೇಲುತ್ತಲೇ ಇದ್ದು ಮರುದಿನದ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಅಡಿಪಟ್ಟಿ ಹಿಡಿದು ಪದರಗಳನ್ನು ಅಳೆಯಿರಿ. ಜೇಡಿ ನೂರಕ್ಕೆ ಹತ್ತು ಹದಿನೈದು ಭಾಗವಿದ್ದು ಉಳಿದದ್ದರಲ್ಲಿ ಮರಳು, ಹರಳು ಹೆಚ್ಚಿದ್ದರೆ ಅದು ದಾರಿಗೆ ಹೇಳಿ ಮಾಡಿಸಿದ ಮಣ್ಣು. ಜೇಡಿ ಅದಕ್ಕಿಂತ ಬಹಳ ಹೆಚ್ಚಿದ್ದರೆ ಮಳೆಯಲ್ಲಿ ಅಂಟುತ್ತದೆ, ಬಿಸಿಲಿನಲ್ಲಿ ಬಿರಿಯುತ್ತದೆ. ಕಲ್ಲುಪುಡಿ, ಮೊರಂ ಸೇರಿಸಿ ಹದಕ್ಕೆ ತರಬೇಕು. ಜೇಡಿಯೇ ಇಲ್ಲದಿದ್ದರೆ ಹಿಡಿದುಕೊಳ್ಳುವ ಗುಣವಿರುವುದಿಲ್ಲ.

ಮಣ್ಣು ತಿಳಿದ ಮೇಲೆ ಅಂಟಿನ ವಿಚಾರ. ಉತ್ತರ ಕರ್ನಾಟಕದ ಎರೆಮಣ್ಣಾದರೆ ಸುಣ್ಣ ಬೇಕು. ಆ ಜೇಡಿ ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಜಾತಿ. ಸುಣ್ಣ ಬೆರೆತರೆ ಅದರ ಉಬ್ಬರ ಇಳಿಯುತ್ತದೆ, ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತ ಹೋಗುತ್ತದೆ. ಅವಸರದವರಿಗೆ ಸುಣ್ಣ ಆಗಿಬರುವುದಿಲ್ಲ, ಹಾಕಿದ ಮೇಲೂ ದಿನಗಟ್ಟಲೆ ತೇವ ಕಾಯಬೇಕು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕಿ ಗಾರೆ ಅರೆಯುತ್ತಿದ್ದ ಹಳೆಯ ಮೇಸ್ತ್ರಿಗಳಿಗೆ ಈ ತಾಳ್ಮೆ ಇತ್ತು. ಹಳೆ ಮೈಸೂರಿನ ಮರಳು ಮಿಶ್ರಿತ ಕೆಮ್ಮಣ್ಣಿಗೆ ಸಿಮೆಂಟು ಹೆಚ್ಚು ಒಗ್ಗುತ್ತದೆ. ತೂಕದಲ್ಲಿ ನೂರಕ್ಕೆ ಐದರಿಂದ ಏಳು ಭಾಗ ಸಾಕು. ನಾನು ಸಿಮೆಂಟಿನ ಹಗೆಯಲ್ಲ. ಬಂಡಿ ಕೈಗಾಡಿ ಓಡುವ ಕಡೆ, ಗೇಟಿನ ಬಳಿಯ ಇಕ್ಕಟ್ಟಿನಲ್ಲಿ ಅದು ಸರಿ. ಆದರೆ ಸಿಮೆಂಟು ಬೆರೆಸಿದ ಮಣ್ಣು ಒಮ್ಮೆ ಒಡೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನೀರು ಹಾಕಿ ಮತ್ತೆ ಕೂರಿಸಲಾಗದು, ಕಿತ್ತು ಹೊಸದು ಹಾಕಬೇಕು. ಸುಣ್ಣ ಸಿಮೆಂಟು ಎರಡೂ ಮಣ್ಣನ್ನು ಕ್ಷಾರವಾಗಿಸುತ್ತವೆ, ಹಾಗಾಗಿ ಮರದ ಬುಡದ ಹತ್ತಿರ ಬೇಡ.

ರಾಳದ ಹೆಸರಿನಲ್ಲಿ ಮಾರುವ ಪ್ಲಾಸ್ಟಿಕ್ ಅಂಟುಗಳ ಬಗ್ಗೆ ಒಂದೇ ಮಾತು: ಸವೆದ ದಾರಿಯ ಪುಡಿ ಹೋಗಿ ಸೇರುವುದು ಗಿಡದ ಮಣ್ಣಿಗೆ, ಕೆರೆಗೆ. ನನ್ನ ಪಾರ್ಕಿಗೆ ಬೇಡ.

ಇಸಬಗೋಲಿನ ಗುಣ ಬೇರೆ. ಅದರ ಹೊಟ್ಟು ನೀರು ತಾಗಿದ ಕೂಡಲೇ ಹಲವು ಪಟ್ಟು ಉಬ್ಬಿ ಲೋಳೆಯಾಗುತ್ತದೆ. ಆ ಲೋಳೆ ಕಲ್ಲಿನ ಹರಳುಗಳ ಸಂದಿಗೆಲ್ಲ ಹರಡಿ, ಒಣಗಿದಾಗ ಅವನ್ನು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಮತ್ತೆ ಮಳೆ ಬಂದರೆ ಲೋಳೆ ಮತ್ತೆ ಉಬ್ಬುತ್ತದೆ, ದಾರಿ ಸ್ವಲ್ಪ ಮೆದುವಾಗುತ್ತದೆ, ಆದರೆ ಪುಡಿ ಸುಲಭಕ್ಕೆ ಕೊಚ್ಚಿಹೋಗುವುದಿಲ್ಲ. ಆರಿದಾಗ ಮತ್ತೆ ಬಿಗಿಯುತ್ತದೆ. ಹಾಗಾಗಿ ಕಿತ್ತುಬಂದ ಜಾಗವನ್ನು ನೆನೆಸಿ, ಹೊಸ ಪುಡಿ ಬೆರೆಸಿ, ಒತ್ತಿ ಸರಿಪಡಿಸಬಹುದು. ಈ ಒಂದು ಗುಣ ಕಾಂಕ್ರೀಟಿಗೆ ಎಂದೂ ಬರುವುದಿಲ್ಲ. ಒಂದು ಟನ್ ಕಲ್ಲುಪುಡಿಗೆ ಆರೇಳು ಕಿಲೋ ಹೊಟ್ಟಿನ ಪುಡಿ. ಇದನ್ನು ಒಣಗಿದ್ದಾಗಲೇ ಬೆರೆಸಬೇಕು, ಒಂದು ಕಡೆ ಗುಂಪಾಗದಂತೆ ಚೆನ್ನಾಗಿ ಬೆರೆಸಬೇಕು. ಮೂರು ಇಂಚು ದಪ್ಪಕ್ಕೆ ಹರವಿ, ತಳದವರೆಗೂ ನೆನೆಯುವ ಹಾಗೆ ಸಣ್ಣ ಹನಿಯಲ್ಲಿ ನೀರು ಕೊಡಬೇಕು. ಮೇಲೆ ಒದ್ದೆಯಾಯಿತೆಂದು ನಿಲ್ಲಿಸಿದರೆ ಒಳಗಿನ ಹೊಟ್ಟು ಒಣಗಿಯೇ ಉಳಿದು ದಾರಿ ಪದರ ಪದರವಾಗಿ ಏಳುತ್ತದೆ. ಆಮೇಲೆ ಕಾಯಬೇಕು. ಒದ್ದೆಯ ಮೇಲೆ ರೋಲರ್ ಓಡಿಸಿದರೆ ಚಕ್ರಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ನಡುಗುವ ಯಂತ್ರ ಬೇಡ, ಭಾರದ ಸಾದಾ ರೋಲರೇ ಬೇಕು. ಕೆಲಸ ಮುಗಿದ ಮೇಲೆ ಪೂರ್ತಿ ಒಣಗುವವರೆಗೆ ಒಂದೆರಡು ದಿನ ಹಗ್ಗ ಕಟ್ಟಿ ಯಾರೂ ನಡೆಯದಂತೆ ತಡೆಯಬೇಕು.

ಯಾವ ಅಂಟು ಹಾಕಿದರೂ, ಹಾಕದೇ ಬರಿ ಮೊರಂ ಗಟ್ಟಿಸಿದರೂ, ರೋಲರ್ ಎಳೆಯುವ ಹೊತ್ತಿನ ತೇವ ನೋಡುವ ವಿಧಾನ ಒಂದೇ. ಒಂದು ಹಿಡಿ ಮಿಶ್ರಣ ತೆಗೆದು ತಂಬಿಟ್ಟಿನ ಉಂಡೆ ಕಟ್ಟಿದ ಹಾಗೆ ಅದುಮಿ. ಉಂಡೆ ನಿಲ್ಲಬೇಕು, ಅಂಗೈಗೆ ನೀರು ಹತ್ತಬಾರದು. ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ನಾಲ್ಕಾರು ಹೋಳಾಗಬೇಕು. ಹಿಟ್ಟಾಗಿ ಚದುರಿದರೆ ನೀರು ಸಾಲದು. ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು. ತೇವಕ್ಕೂ ಬಿಗಿತಕ್ಕೂ ಇರುವ ಈ ಸಂಬಂಧವನ್ನು ಕ್ಯಾಲಿಫೋರ್ನಿಯಾದಲ್ಲಿ ಅಣೆಕಟ್ಟೆಗಳಿಗೆ ಮಣ್ಣು ತುಂಬಿಸುತ್ತಿದ್ದ ಪ್ರಾಕ್ಟರ್ 1933ರಲ್ಲಿ ಅಳತೆಗೆ ತಂದರು, ನೀವೆಲ್ಲ ಕಾಲೇಜಿನಲ್ಲಿ ಆ ಪರೀಕ್ಷೆ ಮಾಡಿಯೇ ಬಂದಿದ್ದೀರಿ. ಸೈಟಿಗೆ ಬಂದಾಗ ಈ ಉಂಡೆಯ ಪರೀಕ್ಷೆಯನ್ನು ಕಂಟ್ರಾಕ್ಟರನ ಹುಡುಗರಿಗೆ ಹೇಳಿಕೊಡಿ. ರೋಲರ್ ಸಿಗದ ಮೂಲೆಯಲ್ಲಿ ದಿಮ್ಮಸು ಬಡಿಯಲಿ.

ನೀರಿನ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ನಾನು ನೋಡಿದ ಮಣ್ಣಿನ ದಾರಿಗಳು ಕೆಟ್ಟಿರುವುದು ಹೆಚ್ಚಾಗಿ ನೀರಿಗೆ ಹೋಗಲು ದಾರಿ ಕೊಡದ್ದರಿಂದ, ಅಂಟು ಸಾಲದೆ ಅಲ್ಲ. ದಾರಿಯ ನಡುವೆ ಉಬ್ಬು ಇರಬೇಕು, ಅಥವಾ ಒಂದು ಬದಿಗೆ ಐವತ್ತಕ್ಕೆ ಒಂದರ ಓರೆ ಇರಬೇಕು. ಆರಡಿ ಅಗಲದ ದಾರಿಯಲ್ಲಿ ಅದು ಒಂದೂವರೆ ಇಂಚು ಕೂಡ ಆಗುವುದಿಲ್ಲ. ನಡೆಯುವವರ ಕಾಲಿಗೆ ತಿಳಿಯದು, ನೀರಿಗೆ ತಿಳಿಯುತ್ತದೆ. ಕರ್ಬ್ ಕಲ್ಲು ಬೇಡ. ಅಂಚು ಹಿಡಿಯಲು ಬೇಕೇ ಬೇಕೆಂದರೆ ಕಲ್ಲನ್ನು ದಾರಿಯ ಮಟ್ಟಕ್ಕೇ ಹೂಳಿ, ನೀರು ಅದರ ಮೇಲಿಂದ ದಾಟಿ ಮಡಿಗೆ ಇಳಿಯಲಿ. ಗಟ್ಟಿಸಿದ ದಾರಿಯೂ ಎಲ್ಲ ಮಳೆಯನ್ನು ತಾನೇ ಕುಡಿಯುವುದಿಲ್ಲ. ಸ್ವಲ್ಪ ಕುಡಿಯುತ್ತದೆ, ಉಳಿದದ್ದನ್ನು ಪಕ್ಕದ ಗಿಡಕ್ಕೆ ಕೊಡುತ್ತದೆ. ಇಳಿಜಾರು ಕಡಿದಾದ ಕಡೆ ಹಾಸುಗಲ್ಲಿನ ಮೆಟ್ಟಿಲು, ನಡುನಡುವೆ ಅಡ್ಡ ಕಾಲುವೆ. ಅಲ್ಲಿ ಮಣ್ಣು ನಿಲ್ಲಬೇಕೆಂದು ಬಯಸುವುದೇ ತಪ್ಪು. ಮರದ ನೆರಳಿನಡಿ ಅಗೆಯಬೇಡಿ. ಇರುವ ನೆಲದ ಮೇಲೆಯೇ ಎರಡು ಇಂಚು ಹಾಸಿ ಸಾಗಿ, ಬುಡದ ಸುತ್ತ ಒಂದು ಮೀಟರಾದರೂ ಬಿಡಿ. ದಾರಿಯೇ ಸ್ವಲ್ಪ ಬಳಸಿ ಹೋಗಲಿ.

ನೀವು ಹೇಳಬಹುದಾದ ಆಕ್ಷೇಪಗಳು ನನಗೂ ಮುಖ್ಯವೇ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ, ಗಾಲಿಕುರ್ಚಿ ಹೋಗದ ದಾರಿ ಮಾಡಲಾಗದು ಎನ್ನುವಿರಿ. ಖಂಡಿತ ಮಾಡಬಾರದು. ಗಾಲಿಕುರ್ಚಿಗೆ ಶತ್ರು ಸಡಿಲ ಜಲ್ಲಿ, ಗಟ್ಟಿ ನೆಲವಲ್ಲ. ಅಮೆರಿಕದ ನಿಯಮಗಳೂ ಅಂಥ ದಾರಿಗೆ ಕೇಳುವುದು ಗಟ್ಟಿಯಾಗಿರಬೇಕು, ಸ್ಥಿರವಾಗಿರಬೇಕು, ಜಾರಬಾರದು ಎಂದಷ್ಟೇ. ಚೆನ್ನಾಗಿ ಹಿಡಿದುಕೊಂಡ ಮೊರಂ ದಾರಿ ಅದನ್ನು ಕೊಡುತ್ತದೆ. ಮಳೆಗಾಲಕ್ಕೆಂದು ಗೇಟಿನಿಂದ ಶೌಚಾಲಯ, ಬೆಂಚುಗಳವರೆಗೆ ಒಂದು ದಾರಿಯನ್ನು ಸಮವಾದ ಕಲ್ಲುಹಾಸಿನಲ್ಲೇ ಮಾಡಿ, ಉಳಿದ ಸುತ್ತುದಾರಿ ಮಣ್ಣಿನದ್ದಿರಲಿ.

ಮಳೆಯ ಆಕ್ಷೇಪ ಇನ್ನೂ ದೊಡ್ಡದು. ಅರಿಜೋನಾ ಮರುಭೂಮಿ, ಬೆಂಗಳೂರಿಗೆ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರಿಗೆ ಹತ್ತಿರ ಮಳೆ. ಸೆಪ್ಟೆಂಬರಿನಲ್ಲಿ ಬಿಡದೆ ಹುಯ್ದಾಗ ಇಸಬಗೋಲಿನ ದಾರಿ ಮೆದುವಾಗಿಯೇ ಇರುತ್ತದೆ, ಹಿಮ್ಮಡಿಯ ಗುರುತು ಬೀಳುತ್ತದೆ. ಹೀಗಾಗಿ ಓರೆ ಸರಿಯಿರಬೇಕು, ನೀರು ನಿಲ್ಲುವ ತಗ್ಗಿನಲ್ಲಿ ಅದನ್ನು ಹಾಕಲೇಬಾರದು. ಮಲೆನಾಡಿಗೆ, ಕರಾವಳಿಗೆ ಇದು ಮದ್ದೇ ಅಲ್ಲ. ತಿಂಗಳುಗಟ್ಟಲೆ ಆರದ ನೆಲದಲ್ಲಿ ಲೋಳೆ ಲೋಳೆಯಾಗಿಯೇ ಉಳಿಯುತ್ತದೆ. ಅಲ್ಲಿಯವರು ಮಳೆಗೆ ಮುಂಚೆ ಅಂಗಳಕ್ಕೆ ಅಡಿಕೆ ಸೋಗೆ ಹೊದಿಸಿ, ಓಡಾಡುವ ಕಡೆ ಅಡಿಕೆ ದಬ್ಬೆ ಹಾಸಿ, ಮಳೆ ಮುಗಿದ ಮೇಲೆ ಅಂಗಳವನ್ನು ಕೆತ್ತಿ ಹೊಡೆದು ಹೊಸದು ಮಾಡುತ್ತಾರೆ. ಶಿವಮೊಗ್ಗದ ಪಾರ್ಕಿಗೆ ಹಾಸುಗಲ್ಲು, ಮಂಗಳೂರಿನ ಪಾರ್ಕಿಗೆ ಮುರಕಲ್ಲು ಸರಿ. ಬಯಲುಸೀಮೆಯ ಅಂದಾಜು ಪಟ್ಟಿಯನ್ನು ಅಲ್ಲಿಗೆ ನಕಲು ಮಾಡಬೇಡಿ.

ಇನ್ನು ಅಂಟಿನ ಬೆಲೆ. ಜನ ಔಷಧಿಗೆ ಬಳಸುವ ಹೊಟ್ಟನ್ನು ಕಾಲಡಿ ಹಾಕುವುದು ದುಬಾರಿ, ಮನಸ್ಸಿಗೂ ಒಪ್ಪುವುದಿಲ್ಲ ಎನ್ನುವವರಿದ್ದಾರೆ. ನನಗೂ ಇಡೀ ಊರಿನ ಪಾರ್ಕುಗಳಿಗೆ ಇಸಬಗೋಲು ಸುರಿಯಿರಿ ಎನ್ನುವ ಆಸೆಯಿಲ್ಲ. ಮಣ್ಣಿನ ಹದ ಸರಿಯಿದ್ದು, ಓರೆ ಸರಿಯಿದ್ದು, ತುಳಿತ ಸರಿಯಿದ್ದರೆ ಎಷ್ಟೋ ದಾರಿಗಳಿಗೆ ಹೊರಗಿನ ಅಂಟೇ ಬೇಡ. ಮೊರಂನೊಳಗಿನ ಜೇಡಿಯೇ ಅಂಟು. ಹೆಚ್ಚು ತುಳಿತವಿರುವ ತಿರುವು, ಬೆಂಚಿನ ಮುಂದೆ, ಮಕ್ಕಳು ಓಡುವ ಜಾಗ, ಇಂಥ ಕಡೆ ಮಾತ್ರ ಹೊಟ್ಟಿನ ಪುಡಿ ಹಾಕಿ.

ಈ ಪತ್ರ ಬರೆಯಲು ಕೂತದ್ದು ಮುಖ್ಯವಾಗಿ ಇನ್ನೊಂದು ಮಾತಿಗೆ. ಕಾಂಕ್ರೀಟು ನಿಮ್ಮ ಪಟ್ಟಿಗೆ ಸುಲಭವಾಗಿ ಬರುವುದು ಅದು ಗಟ್ಟಿ ಎಂಬ ಕಾರಣಕ್ಕಿಂತ ಹೆಚ್ಚಾಗಿ, ಒಮ್ಮೆ ಹಾಕಿದರೆ ಕಡತ ಮುಚ್ಚಬಹುದು ಎಂಬ ಕಾರಣಕ್ಕೆ. ಕಾಮಗಾರಿ ಮುಗಿಯಿತು, ಅಳತೆ ಪುಸ್ತಕ ಬರೆದಾಯಿತು, ಬಿಲ್ಲಾಯಿತು. ಮಣ್ಣಿನ ದಾರಿಯ ಕಡತ ಹಾಗೆ ಮುಚ್ಚುವುದಿಲ್ಲ. ಉದುರಿದ ಎಲೆ ಗುಡಿಸಬೇಕು, ಎಲೆಯಡಿ ತೇವ ಕೂತರೆ ಮೇಲ್ಮೈ ಕೊಳೆಯುತ್ತದೆ. ಅಂಚಿಗೆ ಸರಿದ ಹರಳನ್ನು ಪೊರಕೆಯಿಂದ ನಡುವಿಗೆ ತರಬೇಕು. ಮಳೆ ಮುಗಿದ ಮೇಲೆ ಕಾಲು ಇಂಚು ಹೊಸ ಮೊರಂ ಹಾಕಿ, ನೀರು ಚಿಮುಕಿಸಿ, ಒಮ್ಮೆ ರೋಲರ್ ಎಳೆಯಬೇಕು. ಇದಕ್ಕೆ ಬೇಕಾದದ್ದು ಒಬ್ಬ ಮಾಲಿಯ ಕೈ, ಒಂದು ಗಾಡಿ ಮೊರಂ. ಆದರೆ ಹೊಸ ಕಾಮಗಾರಿಗೆ ಸಿಗುವ ಹಣ ಆ ಮಾಲಿಯ ಕೂಲಿಗೆ ಸಿಗುವುದಿಲ್ಲ. ಸುತ್ತ ನೋಡಿದರೆ, ನಮ್ಮ ಪಾರ್ಕುಗಳಲ್ಲಿ ಮಣ್ಣಿನ ದಾರಿ ಹಾಳಾದದ್ದು ನೋಡಿಕೊಳ್ಳುವವರಿಲ್ಲದೆ, ಮಣ್ಣು ಕೆಟ್ಟದ್ದೆಂದಲ್ಲ. ನೋಡಿಕೊಳ್ಳುವ ಸಾಲೊಂದು ನಿಮ್ಮ ಪಟ್ಟಿಯಲ್ಲಿ ಬಂದರೆ ಆ ದುಡ್ಡು ಊರಿನ ಕೂಲಿಯವರ ಕೈಗೆ ಹೋಗುತ್ತದೆ, ಮರವೂ ಉಳಿಯುತ್ತದೆ.

ದರಪಟ್ಟಿಯಲ್ಲಿ ಇಸಬಗೋಲಿನ ದಾರಿ ಎಂಬ ಐಟಂ ಇಲ್ಲ, ಲೆಕ್ಕಪರಿಶೋಧಕರು ಕೇಳುತ್ತಾರೆ ಎನ್ನುವುದು ನಿಮ್ಮ ನಿಜವಾದ ತೊಂದರೆ ಇರಬಹುದು. ಅದಕ್ಕೇ ಸಣ್ಣದಾಗಿ ಶುರು ಮಾಡೋಣ. ಮೊರಂ ಹಾಸುವುದು, ನೀರು ಹಾಕಿ ರೋಲರ್ ಎಳೆಯುವುದು ನಿಮ್ಮಲ್ಲಿ ಈಗಾಗಲೇ ಇರುವ ಐಟಂಗಳು. ಅವನ್ನಿಟ್ಟುಕೊಂಡು ಮುಂದಿನ ಪಾರ್ಕಿನಲ್ಲಿ ಒಂದು ತುಂಡನ್ನು ಮಾದರಿಯಾಗಿ ಮಾಡಿ. ಅದನ್ನೇ ಮೂರು ಭಾಗ ಮಾಡಿ: ಮೊದಲ ಭಾಗ ಬರಿ ಮೊರಂ ಮತ್ತು ಕಲ್ಲುಪುಡಿ, ಎರಡನೆಯದು ನೂರಕ್ಕೆ ಐದು ಸಿಮೆಂಟು ಬೆರೆಸಿದ್ದು, ಮೂರನೆಯದು ಇಸಬಗೋಲಿನ ಹೊಟ್ಟು ಬೆರೆಸಿದ್ದು. ಸಂಕ್ರಾಂತಿಗೂ ಯುಗಾದಿಗೂ ನಡುವೆ ಹಾಕಿಸಿ, ಮುಂಗಾರಿನೊಳಗೆ ಮೂರೂ ಚೆನ್ನಾಗಿ ಆರಿ ಬಿಗಿದಿರುತ್ತವೆ. ಮೂರಕ್ಕೂ ಒಂದೇ ಓರೆ ಕೊಡಿ, ಕರ್ಬ್ ಕಲ್ಲು ಇಡಬೇಡಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಲಿ. ಯಾವುದು ಕೊರೆಯಿತು, ಯಾವುದು ಬಿರಿಯಿತು, ಮಾಲಿಗೆ ಎಷ್ಟು ದಿನದ ಕೆಲಸವಾಯಿತು ಎಂದು ಬರೆದಿಡಿ. ಬಡಾವಣೆಯ ನಾಲ್ಕು ಜನ ಆ ಲೆಕ್ಕ ಇಡಲು ನಿಮ್ಮ ಜೊತೆ ನಿಲ್ಲುತ್ತೇವೆ. ಊರುಗೋಲಿನವರು, ಗಾಲಿಕುರ್ಚಿಯವರು ಮೂರರ ಮೇಲೂ ಓಡಾಡಿ ಹೇಳಲಿ. ಅವರ ಮಾತಿನ ಮೇಲೆ ಮುಂದಿನ ಪಟ್ಟಿ ಬರೆಯಿರಿ.

ಹಾಗೆ ಮಾಡುವುದಾದರೆ ನಮ್ಮ ಪಾರ್ಕಿನ ಮಣ್ಣಿನ ಬಾಟಲಿ ಪರೀಕ್ಷೆ ನಾನೇ ಮಾಡಿ ತರುತ್ತೇನೆ. ಕಚೇರಿಗೆ ಯಾವ ದಿನ ಬರಲಿ ಎಂದು ತಿಳಿಸಿ.

ಇಂತಿ,
ನಿಮ್ಮ ವಿಶ್ವಾಸಿ,
ಪಾರ್ಕಿನಲ್ಲಿ ನಡೆಯುವ ಒಬ್ಬ ನಾಗರಿಕ